ಹುಣಸೂರಿನ ಹಾದಿ: ಎತ್ತಿನ ವಿವೇಕ, ಯಂತ್ರದ ಕಣ್ಣು

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಬ್ರಿಟಿಷರ ವಶವಾದ ಅಮೃತಮಹಲ್, ಎಂದರೆ ಸೈನ್ಯದ ಫಿರಂಗಿ ಮತ್ತು ಸರಂಜಾಮು ಎಳೆಯುವ ಎತ್ತುಗಳನ್ನು ಸಾಕುವ ಇಲಾಖೆ, ಹುಣಸೂರಿನಲ್ಲಿ ನೆಲೆಯೂರಿತು. ಚರ್ಮ ಹದ ಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಸರ್ಕಾರಿ ಕಾರ್ಖಾನೆಗಳೂ ಅಲ್ಲಿ ಬೆಳೆದು 1864ರಲ್ಲಿ ಮುಚ್ಚಿದವು. ಕಸಬು ಮಾತ್ರ ಊರಿನಲ್ಲಿ ಉಳಿಯಿತು.

ಎತ್ತಿನ ಗಾಡಿಯಲ್ಲಿ ಸಂತೆಯಿಂದ ರಾತ್ರಿ ಮರಳುವಾಗ ಗಾಡಿ ಹೊಡೆಯುವವನು ನೊಗದ ಹಿಂದೆ ತೂಕಡಿಸಿದರೂ ಪಳಗಿದ ಜೋಡಿ ಹಳ್ಳ ತಪ್ಪಿಸಿ, ಎದುರು ಗಾಡಿಗೆ ದಾರಿ ಬಿಟ್ಟು ಮನೆ ಮುಟ್ಟಿಸುತ್ತಿತ್ತು. ಹಾಗಾಗಿ ಚಾಲಕನಿಲ್ಲದ ವಾಹನದ ಕಲ್ಪನೆ ಈ ನಾಡಿಗೆ ತೀರ ಹೊಸದೇನಲ್ಲ. ಆದರೆ ಇಂದಿನ ಸ್ವಯಂಚಾಲಿತ ಕಾರು, ಅಂದರೆ ಕ್ಯಾಮೆರಾ ಮತ್ತು ಸಂವೇದಕಗಳಿಂದ ರಸ್ತೆಯನ್ನು ಅರಿತು ತಾನೇ ಚಲಿಸುವ ಕಾರು, ಇತರರು ನಿಯಮದಂತೆ ನಡೆಯುವರೆಂಬ ನಿರೀಕ್ಷೆಯನ್ನೇ ಬಹುಮಟ್ಟಿಗೆ ಆಧರಿಸುತ್ತದೆ. ನಮ್ಮ ರಸ್ತೆಗಳಲ್ಲಿ ಈ ನಿರೀಕ್ಷೆ ಸಾಲದೆಂಬುದನ್ನು ಮನಗಂಡ ಸಂಶೋಧಕರು ಹೈದರಾಬಾದ್ ಮತ್ತು ಬೆಂಗಳೂರಿನ ಬೀದಿಗಳಲ್ಲಿ ಸುಮಾರು 10,000 ಚಿತ್ರಗಳನ್ನು ಸಂಗ್ರಹಿಸಿ, ಆಟೋರಿಕ್ಷಾ, ಪ್ರಾಣಿ ಮೊದಲಾದ 34 ವರ್ಗಗಳನ್ನು ಗುರುತಿಸಿದರು.

ಆದರೆ ಹುಣಸೂರಿನಿಂದ ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಿಗೆ ಹೋಗುವ ಹಾದಿಯಲ್ಲಿ ಸುಗ್ಗಿಯ ಕಾಲಕ್ಕೆ ರಸ್ತೆಯೇ ಕಣವಾಗುತ್ತದೆ. ಡಾಂಬರಿನ ಮೇಲೆ ಹರಡಿದ ಹುರುಳಿ ಗಿಡಗಳನ್ನು ಬಸ್ಸು, ಟ್ರ್ಯಾಕ್ಟರುಗಳು ತುಳಿದು ಕಾಳು ಬಿಡಿಸುತ್ತವೆ. ಅದು ಅಡಚಣೆಯಲ್ಲ, ತನ್ನಿಂದ ನಿರೀಕ್ಷಿಸಿದ ಕೆಲಸವೆಂದು ಚಾಲಕನಿಗೆ ತಿಳಿದಿರುತ್ತದೆ. ಈ ಬಳಕೆ ಅಪಾಯಕರ, ಜಾರಿಬೀಳುವ ಬೈಕ್ ಸವಾರರ ದೃಷ್ಟಿಯಿಂದ ನಿಲ್ಲಲೇಬೇಕಾದದ್ದು. ಆದರೂ ಯಂತ್ರಕ್ಕೆ ಇಲ್ಲಿ ಕಠಿಣವಾದದ್ದು ರಾಶಿಯನ್ನು ಕಾಣುವುದಲ್ಲ, ಅದನ್ನು ತಪ್ಪಿಸಲು ಎದುರು ಬದಿಗೆ ಹೊರಳುವ ಸವಾರನ ಇಂಗಿತವನ್ನು ಮೊದಲೇ ಊಹಿಸುವುದು.