ತೊಗರಿ ತುಳಿಯದೆ ಹೊಲ ಅಳೆಯುವ ಲೆಕ್ಕ

ಔರಾದ್ ತಾಲ್ಲೂಕಿನ ಚಿಂತಾಕಿಯಲ್ಲಿ ಮೂರು ಮೂಲೆಯ ಒಂದು ಹೊಲ ಇದೆ ಅಂದುಕೊಳ್ಳಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕು. ತೊಗರಿ ಎದೆಮಟ್ಟ ಬೆಳೆದಿದೆ. ಬದುವಿನ ಮೇಲೆ ನಡೆದು 33 ಅಡಿಯ ಸರಪಳಿಯಿಂದ ಮೂರೂ ಬದಿ ಅಳೆಯಬಹುದು: 13, 14, 15. ಆದರೆ ವಿಸ್ತೀರ್ಣಕ್ಕೆ ಎತ್ತರವೂ ಬೇಕು. ಅದು ಬೆಳೆಯ ಒಳಗಿದೆ.

ಇದಕ್ಕೆ ಉತ್ತರ ನಮ್ಮ ಭಾಗದಲ್ಲೇ ಇತ್ತು. ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರ ಆರಂಭದಲ್ಲಿ ಅವರು ಹೊಗಳಿದ ದೊರೆ ರಾಷ್ಟ್ರಕೂಟ ಅಮೋಘವರ್ಷ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಕಾಗಿಣಾ ದಂಡೆಯ ಇಂದಿನ ಮಳಖೇಡ.

ಅವರ ಸೂತ್ರ ಸರಳ. 14ರ ಬದಿಯನ್ನು ಪಾದ ಮಾಡಿಕೊಳ್ಳಿ. ಎದುರು ಮೂಲೆಯಿಂದ ಲಂಬ ಇಳಿದರೆ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಉಳಿದೆರಡು ಬದಿಗಳ ವರ್ಗಗಳ ವ್ಯತ್ಯಾಸ 225 − 169 = 56. ಪಾದದಿಂದ ಭಾಗಿಸಿದರೆ 4. ಅದನ್ನು 14ಕ್ಕೆ ಕೂಡಿಸಿ ಅರ್ಧ ಮಾಡಿದರೆ 9, ಕಳೆದು ಅರ್ಧ ಮಾಡಿದರೆ 5. ಇವೇ ಪಾದದ ಎರಡು ತುಂಡುಗಳು. 169ರಲ್ಲಿ 5ರ ವರ್ಗ ಕಳೆದರೆ 144, ಎತ್ತರ 12. ವಿಸ್ತೀರ್ಣ 84. ಸರಪಳಿ 33 ಅಡಿಯದಾದ್ದರಿಂದ ಅದು ನೇರವಾಗಿ 84 ಗುಂಟೆ, ಅಂದರೆ 2 ಎಕರೆ 4 ಗುಂಟೆ. ಒಂದು ಗಿಡವನ್ನೂ ತುಳಿಯಲಿಲ್ಲ.

ಈಗ ಕಾಲೇಜಿನ ಕೊಸೈನ್ ನಿಯಮ ನೋಡಿ. ಎತ್ತರದ ವರ್ಗ 169 − 25. ಇನ್ನೊಂದು ತ್ರಿಭುಜದಲ್ಲಿ 15ರ ವರ್ಗ ಎಂದರೆ ಆ ಎತ್ತರದ ವರ್ಗಕ್ಕೆ (14 − 5)ರ ವರ್ಗ ಕೂಡಿಸಿದ್ದು. ಬಿಡಿಸಿದರೆ 25 ಕಳೆದುಹೋಗಿ 169 + 196 − 2 × 14 × 5 ಉಳಿಯುತ್ತದೆ. ಅದು 225. ಆ 5 ಅನ್ನು '13 × ಕೋನದ ಕೊಸೈನ್' ಎಂದು ಬರೆದರೆ ನಿಯಮ ಸಿದ್ಧ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಸೂತ್ರದ ಸಾಧನೆ ಇಷ್ಟೇ.

ಹಾಗೆಂದು ಎಲ್ಲವೂ ನಮ್ಮಲ್ಲೇ ಹುಟ್ಟಿತು ಎನ್ನಬೇಕಿಲ್ಲ. ಗ್ರೀಸಿನ ಯೂಕ್ಲಿಡ್ ಬಹಳ ಮೊದಲೇ ಇದನ್ನು ಚೌಕಗಳ ಮಾತಿನಲ್ಲಿ ಹೇಳಿದ್ದ. 628ರಲ್ಲಿ ಬ್ರಹ್ಮಗುಪ್ತ ತುಂಡುಗಳ ಲೆಕ್ಕ ಕೊಟ್ಟಿದ್ದ. 1150ರ ಹೊತ್ತಿಗೆ ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲೂ ಇದೇ 13, 14, 15ರ ತ್ರಿಭುಜ ಇದೆ. ಫ್ರಾನ್ಸಿನಲ್ಲಿ ಈ ನಿಯಮವನ್ನು ಸಮರಖಂದದ ಅಲ್ ಕಾಶಿಯ ಹೆಸರಿನಿಂದ ಕರೆಯುತ್ತಾರೆ.

ಮಹಾವೀರರ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ 1912ರಲ್ಲಿ ಅಚ್ಚು ಹಾಕಿಸಿದರು. ಗಣಿತ ಅಂದರೆ ಹೊರಗಿನಿಂದ ಬಂದ ಕಷ್ಟದ ವಿಷಯ ಎಂದು ಹೆದರುವ ನಮ್ಮೂರ ಮಕ್ಕಳಿಗೆ ಮಳಖೇಡದ ಕೋಟೆ ತೋರಿಸುವಾಗ ಈ ಲೆಕ್ಕವನ್ನೂ ತೋರಿಸೋಣ. ಬದುವಿನ ಮೇಲೆ ನಿಂತೇ ಮಾಡಬಹುದು.