ನೀರಿನ ಅಂಚು, ಕೂಸಿನ ಹೆಜ್ಜೆ

ಕಲಬುರಗಿ, ರಾಯಚೂರು, ಬೀದರಗಳ ಹಳೆಯ ಮನೆಗಳಲ್ಲಿ ನೀರು ತುಂಬಿಡುವ ಕಲ್ಲಿನ ತೊಟ್ಟಿಗೆ ‘ಹೌದ’ ಎನ್ನುವ ವಾಡಿಕೆಯುಂಟು. ಅರಬ್ಬಿಯಿಂದ ಫಾರ್ಸಿಗೂ ಉರ್ದುವಿಗೂ ಬಂದ ‘ಹೌಜ್’ ಎಂಬ ಶಬ್ದವೇ ನಮ್ಮವರ ನಾಲಗೆಯ ಮೇಲೆ ಹೀಗೆ ಮೃದುವಾಗಿ ನೆಲೆಸಿತು. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯದ ಅಂಗಗಳಾಗಿದ್ದವು. ಓದಿಗಾಗಿ, ನೌಕರಿಗಾಗಿ, ಕೋರ್ಟು ಕಚೇರಿಗಳ ಕೆಲಸಕ್ಕಾಗಿ ರಾಜಧಾನಿಗೆ ಹೋದ ಕನ್ನಡಿಗರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಮನೆಮಾಡಿಕೊಂಡು ನಿಂತರು. ಆದುದರಿಂದ ಆ ನಗರದವರು ತಮ್ಮ ಅಂಗಳಗಳಲ್ಲಿಯೂ ಉದ್ಯಾನಗಳಲ್ಲಿಯೂ ನೀರನ್ನು ಹೇಗೆ ನಿಲ್ಲಿಸಿದರು, ನಿಂತ ನೀರಿನಿಂದ ಕೂಸುಗಳನ್ನು ಹೇಗೆ ಕಾಪಾಡಿಕೊಂಡರು ಎಂಬ ವೃತ್ತಾಂತವು ನಮಗೆ ಪರರ ಮನೆಯ ಕಥೆಯಲ್ಲ.

ಚಾರ್‌ಮಿನಾರಿನ ಬಳಿ ನಾಲ್ಕು ಕಮಾನುಗಳ ನಡುವಣ ಗುಲ್ಜಾರ್ ಹೌಜು, ಮಕ್ಕಾ ಮಸೀದಿಯ ಅಂಗಳದ ಹೌಜು, ತರುವಾಯ ಅಸಫ್‌ಜಾಹಿಗಳ ಕಾಲದಲ್ಲಿ ಬೆಳೆದ ಚೌಮಹಲ್ಲಾ ಅರಮನೆಯ ಕಾರಂಜಿಗಳ ಕೊಳ, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು: ಇಲ್ಲಿ ವಿಸ್ತಾರವೇ ಪ್ರಧಾನ, ಆಳವು ಗೌಣ. ಇದಕ್ಕೆ ಸೌಂದರ್ಯದೃಷ್ಟಿಯೊಂದೇ ಕಾರಣವಲ್ಲ. ನಮಾಜಿಗೆ ಮುನ್ನ ಕೈಕಾಲು ತೊಳೆಯುವ ಹೌಜಿನ ನೀರು, ಅಶುದ್ಧಿಯೇನಾದರೂ ತಾಗಿದ ಮಾತ್ರಕ್ಕೆ ಕೆಡದ ದೊಡ್ಡ ನೀರೆನಿಸಬೇಕಾದರೆ ಅದು ಹತ್ತು ಮೊಳ ಉದ್ದ, ಹತ್ತು ಮೊಳ ಅಗಲವಿರಬೇಕೆಂದು ಹನಫಿ ಶಾಸ್ತ್ರಕಾರರು ವಿಧಿಸಿ, ಆಳದ ವಿಷಯದಲ್ಲಿ ಮಾತ್ರ ಬೊಗಸೆಯಿಂದ ಮೊಗೆದಾಗ ತಳ ಬರಿದಾಗದಿದ್ದರೆ ಸಾಕೆಂದು ಬಿಟ್ಟಿದ್ದಾರೆ. ಆಳವನ್ನು ಕೇಳದ ಈ ವಿಧಿಯನ್ನು ಓದಿದಾಗಲೆಲ್ಲ, ಮಕ್ಕಳನ್ನು ಉದ್ದೇಶಿಸದೆಯೇ ಅದು ಮಕ್ಕಳಿಗೆ ಮಾಡಿದ ಉಪಕಾರವು ನನ್ನ ಮನಸ್ಸಿಗೆ ಬರುತ್ತದೆ.

ಆದರೆ ಆಳವಿಲ್ಲದ ಮಾತ್ರಕ್ಕೆ ನೀರು ನಿರಪಾಯವಾಗುವುದಿಲ್ಲ. ಎರಡು ವರ್ಷದ ಕೂಸಿನ ದೇಹದಲ್ಲಿ ತಲೆಯೇ ಭಾರ. ತಗ್ಗಾದ ಕಟ್ಟೆಯ ಮೇಲೆ ಹೊಟ್ಟೆಯೂರಿ ಬಗ್ಗಿತೆಂದರೆ ಕಾಲು ಮೇಲಾಗಿ ಮಗುಚಿಕೊಳ್ಳುತ್ತದೆ. ಗೇಣುದ್ದದ ನೀರಾದರೂ ಅಲ್ಲಿಂದ ತಾನಾಗಿ ಏಳಲಾರದು. ಎಲ್ಲಕ್ಕಿಂತ ಭಯಂಕರವಾದುದೆಂದರೆ, ಆಗ ಕೂಗೂ ಇರುವುದಿಲ್ಲ, ನೀರಿನ ಸದ್ದೂ ಹೆಚ್ಚಿರುವುದಿಲ್ಲ. ಒಂದು ಮಧ್ಯಾಹ್ನ ಚೌಮಹಲ್ಲಾದ ಕೊಳದ ಬಳಿ ಅಜ್ಜಿಯೊಬ್ಬಳು ಮೊಮ್ಮಗಳಿಗೆ ಕಾರಂಜಿ ತೋರಿಸುತ್ತಿದ್ದಳು. ಮಗುವಿನ ಲಂಗದ ಅಂಚು ಆಕೆಯ ಮುಷ್ಟಿಯಲ್ಲಿತ್ತು. ಮಗು ಎಷ್ಟು ಜಗ್ಗಿದರೂ ಆಕೆ ಮುಷ್ಟಿ ಸಡಿಲಿಸಲಿಲ್ಲ. ಪಕ್ಕದವಳೊಡನೆ ಆಡುತ್ತಿದ್ದ ಮಾತನ್ನೂ ನಿಲ್ಲಿಸಲಿಲ್ಲ.

ಹೌಜಿಗಿಂತ ಕಠಿನವಾದ ಪ್ರಶ್ನೆ ಮೆಟ್ಟಿಲಬಾವಿಯದು. ಗೋಲಕೊಂಡದ ಬಳಿ ಕುತುಬ್ ಶಾಹಿ ಸುಲ್ತಾನರ ಗೋರಿಗಳ ಉದ್ಯಾನಕ್ಕೆ ನೀರುಣಿಸಿದ ಬಡೀ ಬಾವಲಿಯಂಥ ಬಾವಿಗಳಲ್ಲಿ ಒಂದು ಕಡೆ ಸೋಪಾನ, ಉಳಿದ ಕಡೆ ನೆಟ್ಟನೆಯ ಗೋಡೆ; ಮಳೆಗಾಲದಲ್ಲಿ ನೀರು ಮೇಲಿನ ಮೆಟ್ಟಿಲುಗಳಿಗೇ ಬಂದರೆ, ಬೇಸಗೆಯಲ್ಲಿ ಪಾತಾಳಕ್ಕಿಳಿಯುವುದು; ಪಾಚಿಗಟ್ಟಿದ ಕಲ್ಲು ದೊಡ್ಡವರ ಕಾಲನ್ನೂ ಜಾರಿಸುವುದು. ಇಂಥ ಬಾವಿಗಳ ಸುತ್ತ ಶತಮಾನಗಳ ಕಾಲ ಮಕ್ಕಳು ಬೆಳೆದರೆಂದರೆ, ಕೊಡ ಹೊತ್ತು ಬರುವ ಹೆಂಗಸರು, ಕಪಿಲೆ ಹೊಡೆಯುವವರು, ತೋಟದ ಮಾಲಿಗಳು, ಕಮಾನಿನ ನೆರಳಿನಲ್ಲಿ ದಣಿವಾರಿಸಿಕೊಳ್ಳುವ ದಾರಿಹೋಕರು, ಹೀಗೆ ಬೆಳಗಿನಿಂದ ಬೈಗಿನವರೆಗೆ ಯಾರದಾದರೊಂದು ಕಣ್ಣು ಆ ನೀರಿನ ಮೇಲೆ ಇದ್ದುದೇ ಅದಕ್ಕೆ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಆ ಕಣ್ಣುಗಳು ಹೇಗೆ ಚದರಿದವೆಂಬುದು ಈ ನಗರದ ಮಹಾದುರಂತದೊಡನೆ ಹೆಣೆದುಕೊಂಡಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡ ಮೇಲೆ, ನಿಜಾಮರ ಸರಕಾರವು ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತು. ನಗರದ ಮೇಲ್ಗಡೆ ಪ್ರವಾಹವನ್ನು ತಡೆಹಿಡಿಯುವ ಜಲಾಶಯಗಳು ಆಗಬೇಕೆಂಬ ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾಗಿ, ಕ್ರಮೇಣ ಓಣಿ ಓಣಿಗೂ ನಲ್ಲಿಯ ನೀರು ಹರಿಯಿತು. ಇದು ಎಂದೆಂದಿಗೂ ಸ್ಮರಣೀಯವಾದ ಉಪಕಾರ. ಆದರೆ ನಲ್ಲಿ ಬಂದ ಕಡೆ ಬಾವಿಯ ದಾರಿಯಲ್ಲಿ ಹುಲ್ಲು ಬೆಳೆಯಿತು. ಬಳಸುವ ಬಾವಿಗಿಂತ ಬಿಟ್ಟ ಬಾವಿ ಅಪಾಯಕರ. ಅಲ್ಲಿ ಬಿದ್ದವರನ್ನು ಎತ್ತುವುದಿರಲಿ, ನೋಡುವವರೂ ಇರುವುದಿಲ್ಲ.

ಹಳ್ಳಿಗಾಡಿನಲ್ಲಿ ಮೆಟ್ಟಿಲಬಾವಿಗೆ ಬೇರೊಂದು ಕಾರಣದಿಂದ ಅಂತ್ಯ ಬಂತು. ನಾರುಹುಣ್ಣಿನ ರೋಗಿ ನೀರಿನಲ್ಲಿ ಕಾಲಿಟ್ಟೊಡನೆ ಹುಣ್ಣಿನಿಂದ ಹುಳುವಿನ ಮರಿಗಳು ಹೊರಬಿದ್ದು, ಕಣ್ಣಿಗೆ ಕಂಡೂ ಕಾಣದಂಥ ನೀರುಹುಳಗಳ ಒಡಲನ್ನು ಸೇರಿ, ಆ ನೀರನ್ನು ಕುಡಿದವನ ಕಾಲಿನಿಂದ ವರ್ಷದ ಬಳಿಕ ದಾರದಂತೆ ಹೊರಬರುತ್ತಿದ್ದವು. 1980ರ ದಶಕದಲ್ಲಿ ಆರಂಭವಾದ ನಿರ್ಮೂಲನ ಕಾರ್ಯದಲ್ಲಿ, ಕರ್ನಾಟಕ ಆಂಧ್ರಗಳೆರಡರಲ್ಲಿಯೂ ಮೆಟ್ಟಿಲುಗಳನ್ನು ಮುಚ್ಚಿ, ಸುತ್ತಲೂ ಕಟ್ಟೆ ಎತ್ತರಿಸಿ, ಅವನ್ನು ಸೇದುವ ಬಾವಿಗಳನ್ನಾಗಿ ಮಾಡುವುದೂ ಒಂದು ಉಪಾಯವಾಗಿತ್ತು. 1996ರ ಜುಲೈಯಲ್ಲಿ ದೇಶದ ಕೊನೆಯ ರೋಗಿ ಕಂಡುಬಂದು, 2000ದಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ರೋಗಿಯ ಪಾದವನ್ನು ನೀರಿನಿಂದ ದೂರವಿಟ್ಟ ಆ ಕಟ್ಟೆಯೇ ಕೂಸಿನ ಪಾದವನ್ನೂ ದೂರವಿಟ್ಟಿತು.

ನಗರದಲ್ಲಿ ಇಂಥ ವಿವೇಕ ಎಲ್ಲೆಡೆ ನಡೆಯಲಿಲ್ಲ. ಬಿಟ್ಟ ಬಾವಿಗೆ ಕಸ ತುಂಬುವುದೇ ಸುಲಭವಾದ ಪರಿಹಾರವೆನಿಸಿತು. ಸಿಕಂದರಾಬಾದಿನ ಬನ್ಸಿಲಾಲ್‌ಪೇಟೆಯ ಮೆಟ್ಟಿಲಬಾವಿ ಹೀಗೆಯೇ ಕಸದಡಿಯಲ್ಲಿ ಹೂತುಹೋಗಿದ್ದು, ಅದನ್ನೆಲ್ಲ ಮೇಲೆತ್ತಿ ಶುಚಿಮಾಡಿದ ಬಳಿಕ 2022ರ ಡಿಸೆಂಬರ್ 5ರಂದು ಮತ್ತೆ ಜನರಿಗೆ ತೆರೆಯಿತು. 2013ರ ಮಳೆಯಲ್ಲಿ ಕುಸಿದ ಬಡೀ ಬಾವಲಿಯೂ ಆಗಾ ಖಾನ್ ಸಾಂಸ್ಕೃತಿಕ ಸಂಸ್ಥೆಯ ಶ್ರಮದಿಂದ ಮರುಹುಟ್ಟು ಪಡೆದು, ಗೋಲಕೊಂಡದ ಬಾವಿಗಳಿಗೆ 2022ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿದೆ. ಜನ ಮರಳಿದುದು ಕಲ್ಲು ಮರಳಿದುದಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ.

ಮನೆಯ ತೋಟದ ಕೊಳದ ಬಳಿ ದಿನವಿಡೀ ಜನರಿರಲು ಸಾಧ್ಯವಿಲ್ಲ. ಕಾಚಿಗುಡದ ಕಡೆ, ಕಲಬುರಗಿ ಮೂಲದ ಮಿತ್ರರೊಬ್ಬರ ಹಿತ್ತಲಲ್ಲಿ ತಾವರೆಯ ಹೌದವೊಂದಿದೆ. ಮೊಮ್ಮಗ ಅಂಬೆಗಾಲಿಡತೊಡಗಿದಾಗ ಅದನ್ನು ಮಣ್ಣು ಹಾಕಿ ಮುಚ್ಚಿಬಿಡುವ ಮಾತೂ ಬಂದಿತ್ತಂತೆ. “ಮುಚ್ಚಬ್ಯಾಡ್ರಿ, ಕೂಸು ನೀರು ನೋಡ್ಲಿ” ಎಂದು ಮನೆಯ ಹಿರಿಯಾಕೆ ತಡೆದರು. ಕಡೆಗೆ ಕಮ್ಮಾರನಿಂದ ಕಬ್ಬಿಣದ ಸರಳಿನ ಬಲೆಯೊಂದನ್ನು ಮಾಡಿಸಿ, ಒಳಗೆ ಇಟ್ಟಿಗೆಯ ಕಂಬಗಳನ್ನು ಕಟ್ಟಿ, ನೀರಿನ ಮಟ್ಟಕ್ಕೆ ಸರಿಯಾಗಿ ಅದನ್ನು ಕೂರಿಸಿದರು. ಅದರ ಕಣ್ಣುಗಳಲ್ಲಿ ತಾವರೆಯ ದಂಟು ಬರುತ್ತದೆ, ಮಗುವಿನ ತಲೆ ಹೋಗುವುದಿಲ್ಲ. ದೊಡ್ಡವರು ನಿಂತರೂ ಬಾಗುವುದಿಲ್ಲ. ಮಳೆ ಸುರಿದಾಗ ನೀರು ಬಲೆಯ ಮೇಲೇರದಂತೆ ಅದೇ ಮಟ್ಟದಲ್ಲಿ ಗೋಡೆಗೊಂದು ತೂಬನ್ನೂ ಇಟ್ಟಿದ್ದಾರೆ; ಅದರ ಬಾಯಿಗೆ ಎಲೆ ಕಟ್ಟಿಕೊಂಡಿದೆಯೇ ಎಂದು ಮಿತ್ರರು ಪ್ರತಿ ಸಂಜೆ ಬೆರಳು ಹಾಕಿ ನೋಡುತ್ತಾರೆ.

ನಾನು ಹೋದ ದಿನ ಆ ಹುಡುಗ ಅಂಚಿನಲ್ಲಿ ಕುಳಿತು ಬಲೆಯ ಮೇಲೆ ಅಂಗೈ ಊರಿ, ಒದ್ದೆಯಾದ ಕೈಯನ್ನು ಎತ್ತಿ ಎತ್ತಿ ಅಜ್ಜಿಗೆ ತೋರಿಸುತ್ತಿದ್ದ. ಆಕೆಯ ಕೈಯಲ್ಲಿ ಅವನ ಅಂಗಿಯ ಅಂಚು ಹಾಗೆಯೇ ಇತ್ತು.