ಅಂಗೈಯಷ್ಟು ಪಿಸ್ತೂಲು, ಎಪ್ಪತ್ತರ ಹೊಸ್ತಿಲಿನ ಕೈ



ಈ ಸಲದ ಬರಹದ ವಿಷಯ ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಜೀವಮಾನವಿಡೀ ಇತಿಹಾಸ ಬೋಧಿಸಿದ ಈ ಮುದುಕನಿಗೂ ಪಿಸ್ತೂಲಿಗೂ ಎಲ್ಲಿಯ ನಂಟು? ನಾನು ಬಂದೂಕನ್ನು ಕೈಯಲ್ಲಿ ಹಿಡಿದದ್ದು ಒಂದೇ ಬಾರಿ, ಕಾಲೇಜಿನ ಎನ್.ಸಿ.ಸಿ. ಶಿಬಿರದಲ್ಲಿ. ಐದು ಗುಂಡು ಹಾರಿಸಿದೆ. ಗುರಿಹಲಗೆಗೆ ಒಂದೂ ತಾಗಲಿಲ್ಲ. ಆದರೂ ಈ ವಿಷಯವನ್ನು ಓದಲೇಬೇಕಾದ ಪ್ರಸಂಗ ಒದಗಿತು.

ಅರ್ಧ ಶತಮಾನಕ್ಕೂ ಹಿಂದೆ ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗಿಯೊಬ್ಬಳು ಈಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದಾಳೆ. ಹುಡುಗಿ ಎಂದೆ, ಆಕೆಗೀಗ ಅರವತ್ತೊಂಬತ್ತು. ಪತಿ ತೀರಿಕೊಂಡು ಎರಡು ವರ್ಷವಾಗಿದೆ, ಮಗ ದೂರದ ಊರಿನಲ್ಲಿದ್ದಾನೆ. ಕಳೆದ ವರ್ಷ ಪಕ್ಕದ ಬೀದಿಯ ಮನೆಯೊಂದರಲ್ಲಿ ಕಳ್ಳತನವಾಯಿತಂತೆ. ಆ ವಾರವೇ ನನಗೆ ದೂರವಾಣಿ ಮಾಡಿದಳು.

"ಮೇಷ್ಟ್ರೇ, ಒಂದು ಸಣ್ಣ ಪಿಸ್ತೂಲು ಕೊಳ್ಳೋಣವೆಂದಿದ್ದೇನೆ. ಕೈಚೀಲದಲ್ಲಿ ಹಿಡಿಯುವಂಥದ್ದು. ಅಂಗಡಿಯವನು ಇರುವುದರಲ್ಲೇ ಪುಟ್ಟದ್ದನ್ನು ಕೈಗಿಟ್ಟು, ಇದು ಹೆಂಗಸರಿಗೆ, ವಯಸ್ಸಾದವರಿಗೆ ಎಂದ. ಅದರ ಮೇಲ್ಭಾಗವನ್ನು ಹಿಂದಕ್ಕೆಳೆಯಲು ನನ್ನಿಂದ ಆಗಲೇ ಇಲ್ಲ. ಹೆಬ್ಬೆರಳಿನ ಸಂಧಿವಾತ ನೋಡಿ. ನೀವೇನು ಹೇಳುತ್ತೀರಿ?"

"ನಾನು ಹೇಳಬಲ್ಲದ್ದು ಇತಿಹಾಸ ಮಾತ್ರ, ತಾಯಿ" ಎಂದೆ. "ಅದನ್ನೇ ಹೇಳಿ" ಎಂದಳು. ಹಾಗಾಗಿ ಈ ವಯಸ್ಸಿನಲ್ಲಿ ಹೊಸ ಪಾಠವೊಂದನ್ನು ಸಿದ್ಧಪಡಿಸಿಕೊಂಡೆ. ಆಕೆಯ ಒಪ್ಪಿಗೆ ಪಡೆದು ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಜೇಬಿನಲ್ಲಿ ಅಡಗುವ ಪಿಸ್ತೂಲಿಗೆ ಅಮೆರಿಕದಲ್ಲಿ ಹೆಸರು ತಂದವನು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ (1786-1868). ಒಂದೇ ಗುಂಡು, ಕುಳ್ಳು ನಳಿಗೆ, ಮುಷ್ಟಿಯಲ್ಲಿ ಮರೆಯಾಗುವ ಗಾತ್ರ. ಇತರರು ಅದನ್ನು ಎಷ್ಟು ನಕಲು ಮಾಡಿದರೆಂದರೆ, ಕೊನೆಗೆ ಆತನ ಹೆಸರೇ ಆ ಬಗೆಯ ಪಿಸ್ತೂಲುಗಳಿಗೆಲ್ಲ ಸಾಮಾನ್ಯನಾಮವಾಗಿ ಉಳಿಯಿತು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ನಾಟಕಶಾಲೆಯಲ್ಲಿ ಅಬ್ರಹಾಂ ಲಿಂಕನ್ನರನ್ನು ಕೊಂದದ್ದು ಅಂಥದೇ ಡೆರಿಂಜರ್. ಅದರ ತೂಕ ಕಾಲು ಕಿಲೋಗಿಂತಲೂ ಕಡಿಮೆ.

ಮುಂದಿನ ದೊಡ್ಡ ಹೆಸರು ಜಾನ್ ಮೋಸೆಸ್ ಬ್ರೌನಿಂಗ್ (1855-1926). ಯೂಟಾ ರಾಜ್ಯದ ಬಂದೂಕು ತಯಾರಕನ ಮಗ. ಒಂದು ಗುಂಡು ಹಾರಿದ ರಭಸದಿಂದಲೇ ಮುಂದಿನ ಗುಂಡು ತಾನಾಗಿ ತುಂಬಿಕೊಳ್ಳುವ ಪಿಸ್ತೂಲನ್ನು ಆತ ಜೇಬಿನ ಗಾತ್ರಕ್ಕೆ ಇಳಿಸಿದ. ಬೆಲ್ಜಿಯಂ ಕಾರ್ಖಾನೆಯೊಂದು 1900ರ ಸುಮಾರಿನಿಂದ ಆತನ ವಿನ್ಯಾಸಗಳನ್ನು ತಯಾರಿಸಿ ಜಗತ್ತಿಗೆಲ್ಲ ಮಾರಿತು. ಅವುಗಳಲ್ಲಿ 1910ರ ಮಾದರಿಯ ಒಂದು ಪಿಸ್ತೂಲು 1914ರ ಜೂನ್ 28ರಂದು ಸರಾಯೆವೋದಲ್ಲಿ ಗವ್ರಿಲೋ ಪ್ರಿನ್ಸಿಪ್ ಎಂಬ ಹತ್ತೊಂಬತ್ತರ ಹುಡುಗನ ಕೈಯಲ್ಲಿತ್ತು. ಮೊದಲ ಮಹಾಯುದ್ಧದ ತಕ್ಷಣದ ಕಾರಣವೇನೆಂದು ಕೇಳಿದರೆ ನೀವೆಲ್ಲ ಒಕ್ಕೊರಲಿನಿಂದ ಉತ್ತರಿಸುತ್ತಿದ್ದಿರಿ, ನೆನಪಿದೆಯಲ್ಲವೇ?

ನಮ್ಮ ದೇಶದ ಎದೆಯನ್ನು ಸೀಳಿದ್ದೂ ಕಿರುಪಿಸ್ತೂಲೇ. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಗೋಡ್ಸೆ ಬಳಸಿದ್ದು ಇಟಲಿಯ ಬೆರೆಟ್ಟಾ ಕಂಪನಿಯ 1934ರ ಮಾದರಿ. ಮೂರು ಗುಂಡು. ಗಾಂಧೀಜಿಗೆ ಆಗ ಎಪ್ಪತ್ತೆಂಟು ವರ್ಷ.

ಈ ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟಾಗ, ಇಷ್ಟು ವರ್ಷ ಪಾಠ ಹೇಳಿಯೂ ಗಮನಿಸದಿದ್ದ ಒಂದು ಸಂಗತಿ ನನಗೆ ಹೊಳೆಯಿತು. ಬಡಕಲು ಕೈಗೂ ಬಲಶಾಲಿಯ ಸಮಬಲ ತರುವ ಸಾಧನವೆಂದು ಕಿರುಪಿಸ್ತೂಲನ್ನು ಹೊಗಳುವುದುಂಟು. ಆದರೆ ಇತಿಹಾಸದ ಪುಟಗಳಲ್ಲಿ ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಹೊಂಚು ಹಾಕಿದವನ ಕೈಯಲ್ಲಿ. ಯಾವಾಗ, ಎಲ್ಲಿ, ಎಷ್ಟು ಹತ್ತಿರದಿಂದ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡವನಿಗೆ ಅದರ ಕುಳ್ಳು ನಳಿಗೆ ಕೊರತೆಯಾಗದು. ಆತ್ಮರಕ್ಷಣೆಗೆಂದು ಒಯ್ಯುವವರಿಗೆ ಆ ಅನುಕೂಲವಿಲ್ಲ. ಹೊತ್ತು ಗೊತ್ತುಮಾಡುವವನು ಎದುರಾಳಿ. ಅವರು ಗಾಬರಿಯಲ್ಲಿ, ಕತ್ತಲಲ್ಲಿ, ಕನ್ನಡಕವಿಲ್ಲದೆ, ಕೈಚೀಲದೊಳಗೆ ತಡಕಾಡಿ ಅದನ್ನು ಹೊರತೆಗೆಯಬೇಕು.

ತಯಾರಕರಿಗೂ ಈ ತೊಡಕು ತಿಳಿದಿತ್ತು. 1887ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಹೊರತಂದ ರಿವಾಲ್ವರಿನಲ್ಲಿ ಸುತ್ತಿಗೆಯನ್ನು ಒಳಗೇ ಮುಚ್ಚಿಟ್ಟಿದ್ದರು. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು. ಹಿಡಿಯ ಹಿಂಬದಿಯ ಪಟ್ಟಿಯನ್ನು ಅಂಗೈಯಿಂದ ಗಟ್ಟಿಯಾಗಿ ಅದುಮದ ಹೊರತು ಅದು ಹಾರುತ್ತಿರಲಿಲ್ಲ. ಜನ ಅದನ್ನು ಪ್ರೀತಿಯಿಂದ 'ನಿಂಬೆಹಣ್ಣು ಹಿಂಡುವ ಯಂತ್ರ' ಎಂದು ಕರೆದರು. 1950ರಲ್ಲಿ ಅದೇ ಕಂಪನಿಯ ಐದು ಗುಂಡಿನ ಕಿರು ರಿವಾಲ್ವರು 'ಚೀಫ್ಸ್ ಸ್ಪೆಷಲ್' ಬಂದಿತು. ತೂಕ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಆಮೇಲೆ ಅಲ್ಯೂಮಿನಿಯಂ ಬಳಸಿ ಇನ್ನೂ ಹಗುರ ಮಾಡಿದರು. 2008ರಲ್ಲಿ ರೂಗರ್ ಕಂಪನಿ ತಂದ ಎಲ್‌ಸಿಪಿ ಎಂಬ ಪಿಸ್ತೂಲಿನ ತೂಕ ಗುಂಡುಗಳಿಲ್ಲದೆ ಸುಮಾರು 270 ಗ್ರಾಂ.

ಹಗುರವಾದಷ್ಟೂ ಮುದಿಗೈಗೆ ಸುಲಭವೆಂದು ನೀವು ಭಾವಿಸಿದರೆ, ನಿಮ್ಮ ವಿಜ್ಞಾನದ ಮೇಷ್ಟ್ರು ಬೇಸರಪಟ್ಟುಕೊಂಡಾರು. ಗುಂಡು ಮುಂದಕ್ಕೆ ಚಿಮ್ಮಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ತೋಟಾ ಅದೇ ಆಗಿದ್ದು ಪಿಸ್ತೂಲಿನ ತೂಕ ಅರ್ಧಕ್ಕಿಳಿದರೆ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ. ಹೊರಲು ಹಗುರವಾದದ್ದು ಹಾರಿಸಲು ಕಠಿಣ.

ಎರಡನೆಯದು ಸ್ಪ್ರಿಂಗು. ಸ್ವಯಂ ತುಂಬಿಕೊಳ್ಳುವ ಪಿಸ್ತೂಲನ್ನು ಸಿದ್ಧಗೊಳಿಸಲು ಅದರ ಮೇಲಿನ ಉಕ್ಕಿನ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆ ಎಳೆದು ಬಿಡಬೇಕು. ಹಳೆಯ ಸರಳ ವಿನ್ಯಾಸದ ಕಿರುಪಿಸ್ತೂಲುಗಳಲ್ಲಿ ಸ್ಫೋಟದ ರಭಸವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಮಾತ್ರ. ಸ್ಲೈಡು ಚಿಕ್ಕದಾದರೆ ಆ ಹೊರೆಯೆಲ್ಲ ಸ್ಪ್ರಿಂಗಿನ ಮೇಲೆ ಬೀಳುತ್ತದೆ. ನನ್ನ ಶಿಷ್ಯೆಯ ಹೆಬ್ಬೆರಳು ಸೋತದ್ದು ಇಂಥ ಬಿಗಿಗೇ. ರಿವಾಲ್ವರಿಗೆ ಈ ಎಳೆತ ಬೇಕಿಲ್ಲ. ಆದರೆ ಸುತ್ತಿಗೆ ಮುಚ್ಚಿದ ಕಿರು ರಿವಾಲ್ವರಿನ ಕುದುರೆಯನ್ನು ಪ್ರತಿ ಸಲ ಒತ್ತಲು ಬೆರಳಿಗೆ ಐದು ಕಿಲೋದಷ್ಟು ಬಲ ಬೇಕಾಗುತ್ತದೆ.

ಮೂರನೆಯದು ಕಣ್ಣು. ಗುರಿಯಿಡಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಗುರುತುಗಳಿರುತ್ತವೆ. ಅವುಗಳ ನಡುವಿನ ಅಂತರ 20 ಸೆಂಟಿಮೀಟರ್ ಇದ್ದು, ಹೊಂದಿಸುವಾಗ ಒಂದು ಮಿಲಿಮೀಟರ್ ತಪ್ಪಿದರೆ, ಏಳು ಮೀಟರ್ ದೂರದಲ್ಲಿ ಗುಂಡು ಮೂರೂವರೆ ಸೆಂಟಿಮೀಟರ್ ತಪ್ಪುತ್ತದೆ. ಅಂತರ 10 ಸೆಂಟಿಮೀಟರ್ ಆದರೆ ತಪ್ಪು ಏಳು ಸೆಂಟಿಮೀಟರ್. ಸಮರೂಪ ತ್ರಿಭುಜಗಳ ಲೆಕ್ಕ, ಬೇಕಾದರೆ ಮಾಡಿ ನೋಡಿ. ಜೊತೆಗೆ ಚಾಳೀಸು ಬಂದ ಕಣ್ಣಿಗೆ ಕೈಯಳತೆಯ ಮುಂದಿನ ಗುರುತು ಮಸುಕು.

ತಯಾರಕರು ಇದಕ್ಕೆ ಪರಿಹಾರಗಳನ್ನು ಕಂಡುಕೊಳ್ಳದೆ ಇರಲಿಲ್ಲ. ಬೆರೆಟ್ಟಾದವರು 1950ರ ದಶಕದಿಂದಲೇ ಕೆಲವು ಕಿರುಪಿಸ್ತೂಲುಗಳಲ್ಲಿ ನಳಿಗೆಯನ್ನೇ ಮೇಲಕ್ಕೆ ತೆರೆದು ಮೊದಲ ಗುಂಡನ್ನು ಕೈಯಿಂದ ಇಡುವ ಅನುಕೂಲ ಕಲ್ಪಿಸಿದರು. ಸ್ಲೈಡು ಎಳೆಯುವ ಗೊಡವೆಯಿಲ್ಲ. 2018ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಸುಲಭವಾಗಿ ಎಳೆಯಬಹುದಾದ ಸ್ಲೈಡನ್ನೇ ಮುಖ್ಯ ಗುಣವಾಗಿಸಿ 'ಶೀಲ್ಡ್ ಈಜ಼ಿ' ಎಂಬ .380 ಪಿಸ್ತೂಲನ್ನು ತಂದಿತು. ಅದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಲ್ಲ ಎಂಬುದನ್ನು ಗಮನಿಸಬೇಕು. ಕೈಗೆ ಸುಲಭವಾಗಬೇಕಾದರೆ ಗಾತ್ರ ಸ್ವಲ್ಪ ಬೆಳೆಯಲೇಬೇಕು.

ಇನ್ನು ಕಾನೂನಿನ ಮಾತು. ಅಮೆರಿಕ ಎಂದರೆ ಎಂದಿನಿಂದಲೂ ಎಲ್ಲರ ಸೊಂಟದಲ್ಲೂ ಪಿಸ್ತೂಲು ಎಂಬ ಕಲ್ಪನೆ ಸಿನಿಮಾದ್ದು. ಟೆಕ್ಸಾಸ್ 1871ರಲ್ಲೇ ಪಿಸ್ತೂಲು ಹೊತ್ತು ತಿರುಗುವುದನ್ನು ಬಹುಮಟ್ಟಿಗೆ ನಿಷೇಧಿಸಿತ್ತು. 1991ರ ಅಕ್ಟೋಬರ್ 16ರಂದು ಅಲ್ಲಿನ ಕಿಲ್ಲೀನ್ ಪಟ್ಟಣದ ಉಪಾಹಾರ ಗೃಹವೊಂದರಲ್ಲಿ ಬಂದೂಕುಧಾರಿಯೊಬ್ಬ 23 ಜನರನ್ನು ಕೊಂದ. ಸುಜ಼ಾನಾ ಹಪ್ ಎಂಬಾಕೆ ಕಣ್ಣೆದುರಿಗೇ ತಂದೆತಾಯಿಯರಿಬ್ಬರನ್ನೂ ಕಳೆದುಕೊಂಡಳು. ಕಾನೂನಿಗೆ ಅಂಜಿ ಆಕೆ ತನ್ನ ರಿವಾಲ್ವರನ್ನು ಕಾರಿನಲ್ಲೇ ಬಿಟ್ಟುಬಂದಿದ್ದಳು. ಆಕೆಯ ಸಾಕ್ಷ್ಯ ಜನಮನವನ್ನು ಕಲಕಿತು. 1995ರಲ್ಲಿ ಪರವಾನಗಿ ಪಡೆದು ಮರೆಯಾಗಿ ಒಯ್ಯಲು ಅವಕಾಶ ನೀಡುವ ಕಾನೂನು ಬಂದಿತು. 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ 21 ವರ್ಷ ಮೀರಿದವರಿಗೆ ಪರವಾನಗಿಯ ಅಗತ್ಯವೂ ಇಲ್ಲವಾಯಿತು. ಹಪ್ ಅವರ ದುಃಖವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಪರವಾನಗಿಯೊಡನೆ ಕಡ್ಡಾಯವಾಗಿದ್ದ ತರಬೇತಿಯೂ ಈಗ ಐಚ್ಛಿಕವಾಗಿರುವುದು ಚಿಂತೆಗೆ ಎಡೆಮಾಡುತ್ತದೆ.

ನಮ್ಮಲ್ಲಿ ಬ್ರಿಟಿಷರ 1878ರ ಆಯುಧ ಕಾಯಿದೆ ಭಾರತೀಯರನ್ನು ನಿರಾಯುಧರನ್ನಾಗಿಸಿತು. ಸ್ವಾತಂತ್ರ್ಯಾನಂತರದ 1959ರ ಕಾಯಿದೆಯಲ್ಲೂ ಪರವಾನಗಿ ಬಿಗಿಯಾಗಿಯೇ ಉಳಿಯಿತು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದೇ 'ನಿರ್ಭೀಕ್' ಎಂಬ .32 ರಿವಾಲ್ವರನ್ನು ತಂದಿತು. ತೂಕ 500 ಗ್ರಾಂ. ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ಯಾವ ಹೆಣ್ಣುಮಕ್ಕಳ ಕೈಗೆ ಅದು ಎಟುಕೀತು ಎಂದು ಆಗಲೇ ಹಲವರು ಕೇಳಿದರು.

ಕರ್ನಾಟಕದಲ್ಲೇ ಇದಕ್ಕೆ ತೀರ ಭಿನ್ನವಾದ ಸಂಪ್ರದಾಯವೊಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು. ಅಲ್ಲಿ ಕೋವಿ ಗುಟ್ಟಿನ ವಸ್ತುವಲ್ಲ. ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಸದ್ದು ಕೇಳಿದೊಡನೆ ನೆರೆಹೊರೆಯವರು ಬರುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಕೈಚೀಲದ ಪಿಸ್ತೂಲಿನ ಹಿಂದಿರುವುದು ಯಾರೂ ಬರಲಾರರು ಎಂಬ ಭಯ.

ಈ ಮಾತು ಹೊಳೆದ ಮೇಲೆ ನನಗೆ ಅಳುಕಾಯಿತು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೊಲೆಗಳಲ್ಲ, ಆತ್ಮಹತ್ಯೆಗಳು; ವೃದ್ಧರೂ ಅವರಲ್ಲಿ ಬಹಳ. ನಮ್ಮ ಜನ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ನಾನು ಎರಡು ದಿನ ಹಿಂದೆಮುಂದೆ ನೋಡಿ, ಕೊನೆಗೆ ಕೇಳಿಯೇಬಿಟ್ಟೆ. "ತಾಯಿ, ನಿನಗೆ ಕಳ್ಳನ ಭಯವೋ, ಒಂಟಿತನದ ಭಯವೋ? ಒಬ್ಬಳೇ ಇರುವಾಗ ಬದುಕು ಸಾಕೆನಿಸುವುದುಂಟೇ?"

ಬಹಳ ಹೊತ್ತು ಸದ್ದಿರಲಿಲ್ಲ. "ಮೊದಲ ವರ್ಷ ಒಂದೆರಡು ಸಲ ಅನಿಸಿತ್ತು, ಮೇಷ್ಟ್ರೇ. ಈಗಿಲ್ಲ. ಆದರೆ ಯಾರೂ ಹೀಗೆ ಕೇಳಿರಲಿಲ್ಲ" ಎಂದಳು. ಮಗನಿಗೂ ಅದನ್ನು ಹೇಳಿಬಿಡು, ಹೇಳಿದ ಮೇಲೆಯೇ ಅಂಗಡಿಗೆ ಹೋಗು ಎಂದೆ. ಹಾಗೆಯೇ ಮಾಡಿದಳು.

ಮುಂದಿನದನ್ನು ಆಕೆಯೇ ನಿರ್ಧರಿಸಿದಳು. ತರಬೇತಿಗೆ ಸೇರಿ, ಅಲ್ಲಿ ನಾಲ್ಕಾರು ಬಗೆಯವನ್ನು ಹಾರಿಸಿ ನೋಡಿದಳು. ಅಂಗಡಿಯವನು ಹೇಳಿದ ಪುಟ್ಟ ಪಿಸ್ತೂಲು ಎರಡೇ ಗುಂಡಿಗೆ ಆಕೆಯ ಕೈ ನೋಯಿಸಿತಂತೆ. ಕೊನೆಗೆ ಕೊಂಡದ್ದು ಸ್ಲೈಡು ಸುಲಭವಾಗಿ ಸರಿಯುವ, ಗಾತ್ರದಲ್ಲಿ ಕೊಂಚ ದೊಡ್ಡದಾದ ಪಿಸ್ತೂಲನ್ನು. ಅದು ಕೈಚೀಲದಲ್ಲಿಲ್ಲ, ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ತನ್ನ ನೆನಪು ಅಥವಾ ಕೈ ಕುಂದಿದೆಯೆಂದು ವೈದ್ಯರು ಹೇಳಿದ ದಿನ ಮಗ ಅದನ್ನು ಒಯ್ಯತಕ್ಕದ್ದೆಂದು ಬರೆದು ಸಹಿ ಮಾಡಿಕೊಟ್ಟಿದ್ದಾಳೆ. ಬಾಗಿಲಿಗೆ ಹೊಸ ಬೀಗ, ಅಂಗಳಕ್ಕೆ ದೀಪ ಬಂದಿವೆ. ಪಕ್ಕದ ಮನೆಯವರ ಬಳಿ ಒಂದು ಕೀಲಿಕೈ ಇದೆ.

ನಾನಾಗಿದ್ದರೆ ಕೊಳ್ಳುತ್ತಿರಲಿಲ್ಲ. ಆದರೆ ಆಕೆಯ ಊರಿನ ರಾತ್ರಿಗಳನ್ನು ನಾನು ಕಳೆದವನಲ್ಲ. ನಿಮ್ಮಲ್ಲಿ ಯಾರ ತಂದೆತಾಯಿಯರಾದರೂ ದೂರದ ದೇಶದಲ್ಲಿ ಇಂಥ ಆಲೋಚನೆ ಮಾಡುತ್ತಿದ್ದರೆ, ಯಾವ ಕಂಪನಿ, ಎಷ್ಟು ಗ್ರಾಂ ಎಂದು ವಿಚಾರಿಸುವ ಮೊದಲು ಅವರ ಕೈಯನ್ನೂ ಕಣ್ಣನ್ನೂ ವಿಚಾರಿಸಿ. ಅದಕ್ಕಿಂತ ಮೊದಲು ಮನಸ್ಸನ್ನು ವಿಚಾರಿಸಿ.

ಆಕೆ ಈಗ ಪ್ರತಿ ಭಾನುವಾರ ದೂರವಾಣಿ ಮಾಡುತ್ತಾಳೆ. ಪಿಸ್ತೂಲಿನ ಮಾತು ಬಂದು ಎಷ್ಟೋ ತಿಂಗಳಾಯಿತು.

ಎಲ್ಲರಿಗೂ ಶುಭವಾಗಲಿ.